ಹಾರ್ಸ್ಟನ್ ದ್ವೀಪದ ದುಪ್ಪಟಿ

ಸ್ಟೋಕ್‌ಹೇವನ್ ಊರಿನಲ್ಲಿ ಸೋಮವಾರ ಬಟ್ಟೆ ಒಗೆಯದ ಹೆಂಗಸು ಒಂದೋ ಹೆರಿಗೆಗೆ ಮಲಗಿರಬೇಕು, ಇಲ್ಲ ಹೆಣವಾಗಿ ಮಲಗಿರಬೇಕು. ಮೂರನೆಯ ಕಾರಣವನ್ನು ಊರು ಒಪ್ಪುತ್ತಿರಲಿಲ್ಲ. ಮಂಗಳವಾರ ಒಗೆದವಳು ಮೈಗಳ್ಳಿ. ಶುಕ್ರವಾರ ಒಗೆದವಳ ಹೆಸರು ಬಂದರೆ ಯಾರೂ ಬಾಯಿ ಬಿಡದೆ ಸುಮ್ಮನೆ ಹುಬ್ಬು ಏರಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗುಡ್ಡದ ಮೇಲಿಂದ ಬಂದರಿನವರೆಗೆ ಪ್ರತಿ ಹಿತ್ತಿಲಲ್ಲೂ ಬಿಳಿ ಬಟ್ಟೆ ಹಾರಾಡಲೇಬೇಕು. ಯಾರ ದುಪ್ಪಟಿಗೆ ತೇಪೆ ಬಿದ್ದಿದೆ, ಯಾರು ನೀಲಿ ಹೆಚ್ಚು ಹಾಕಿದ್ದಾರೆ, ಯಾರ ಗಂಡನ ಒಳಚಡ್ಡಿ ಮುಟ್ಟಿದರೆ ಹರಿಯುವಂತಿದೆ ಎಂಬುದನ್ನೆಲ್ಲ ಹೆಂಗಸರು ಕಲ್ಲುಗೋಡೆಯ ಮೇಲಿಂದಲೇ ನೋಡಿ ತಿಳಿದುಕೊಳ್ಳುತ್ತಿದ್ದರು. ಅಂಥ ಊರಿನಲ್ಲಿ ಥರ್ಜಾ ಲಸ್ಕಂ ಕೂಲಿಗೆ ಬಟ್ಟೆ ಒಗೆಯುತ್ತಿದ್ದಳು.

ಅವಳ ತಾಯಿಯೂ ಅದನ್ನೇ ಮಾಡಿದವಳು. ಒಂಬತ್ತನೆಯ ವಯಸ್ಸಿಗೇ ಥರ್ಜಾ ಮಣೆಯ ಮೇಲೆ ನಿಂತು ಹಿಂಡುವ ಯಂತ್ರದ ಹಿಡಿ ತಿರುಗಿಸುತ್ತಿದ್ದಳು. ಇಪ್ಪತ್ತೆರಡಕ್ಕೆ ಏಡಿ ಹಿಡಿಯುವ ಈಲೈ ಲಸ್ಕಂನನ್ನು ಮದುವೆಯಾದಳು. ಒಂದು ಮಗು ಹುಟ್ಟಿ ಎಂಟು ದಿನಕ್ಕೆ ಹೋಯಿತು, ಮತ್ತೆ ಆಗಲಿಲ್ಲ. ಕೈಯ ಚರ್ಮ ಬಟ್ಟೆ ಸೋಡಾದ ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳುಗಳು ಕೆಂಪು ಮೂಲಂಗಿಯ ಹಾಗಾಗಿದ್ದವು. ಆದರೆ ಪಾದ್ರಿಗಳ ಬಿಳಿ ನಿಲುವಂಗಿಯಿಂದ ಹಿಡಿದು ಹೋಟೆಲಿನ ಮೇಜುಬಟ್ಟೆಯವರೆಗೆ ಎಲ್ಲವೂ ಅವಳ ಹಂಡೆಗೇ ಬರುತ್ತಿತ್ತು. ಅವಳಿಗೆ ಅದೊಂದೇ ಹೆಮ್ಮೆ. ಬೇರೆ ಹೆಮ್ಮೆ ಪಡುವುದಕ್ಕೆ ಬದುಕು ಅವಳಿಗೆ ಏನು ಕೊಟ್ಟಿತ್ತು, ಹೇಳಿ?

ಊರಿನ ಎದುರಿಗೆ ಒಂದು ಮೈಲಿ ನೀರಿನಾಚೆ ಹಾರ್ಸ್ಟನ್ ದ್ವೀಪ. ಅಲ್ಲಿರುವುದು ಒಂದೇ ಮನೆ. ಆ ಮನೆಯಲ್ಲಿ ಮಿಸೆಸ್ ಕೆಂಡ್ರಿಕ್ ಎಂಬ ಎಪ್ಪತ್ತೆಂಟರ ವಿಧವೆ ಇದ್ದಳು. ಜೊತೆಗೆ ಅವಳನ್ನು ನೋಡಿಕೊಳ್ಳಲು ಬಂದಿದ್ದ ಮಿಸ್ ಹೆಸ್ಟರ್ ಲಿಡ್ಗೇಟ್. ಚಳಿಗಾಲದಲ್ಲಿ ಇಬ್ಬರೇ, ಸ್ವಂತ ದೋಣಿಯೂ ಇಲ್ಲ. ಗುರುವಾರಕ್ಕೊಮ್ಮೆ ಈಲೈ ದೋಣಿಯಲ್ಲಿ ದಿನಸಿ, ಕಾಗದ, ಸೀಮೆಎಣ್ಣೆ ಒಯ್ದು ಕೊಡುತ್ತಿದ್ದ. ನಡುವೆ ಏನಾದರೂ ಅವಸರ ಬಿದ್ದರೆ ಮನೆಯ ಮುಂದಿನ ಇಳಿಜಾರಿನ ಹಗ್ಗಕ್ಕೆ ಒಂದು ಬಿಳಿ ದುಪ್ಪಟಿ ಕಟ್ಟಬೇಕು. ಅದು ಕಂಡ ಕೂಡಲೇ ಡಾಕ್ಟರನ್ನು ಕರೆದುಕೊಂಡು ದೋಣಿ ಹೊರಡಬೇಕು. ಇದು ಮಿಸೆಸ್ ಕೆಂಡ್ರಿಕ್‌ಳ ಗಂಡನ ಕಾಲದಿಂದ ಬಂದ ಏರ್ಪಾಡು. ಈಲೈ ಹಗಲೆಲ್ಲ ಏಡಿಯ ಬುಟ್ಟಿಗಳ ಹಿಂದೆ ಸಮುದ್ರದಲ್ಲಿರುತ್ತಿದ್ದುದರಿಂದ ಕಣ್ಣಿಡುವ ಕೆಲಸ ಥರ್ಜಾಳದು. ಅವಳ ಅಡುಗೆಮನೆ ಕಿಟಕಿ ದ್ವೀಪಕ್ಕೆ ಮುಖ ಮಾಡಿತ್ತು. ದ್ವೀಪದ ಬಟ್ಟೆಯೂ ಗುರುವಾರದ ದೋಣಿಯಲ್ಲೇ ಮೂಟೆಯಾಗಿ ಬಂದು ಅವಳ ಕೈಗೇ ಸೇರುತ್ತಿತ್ತು. ಹೀಗಾಗಿ ಆ ಹಗ್ಗದ ಮೇಲೆ ಬೇರೆ ಯಾವ ಬಟ್ಟೆಯೂ ಎಂದೂ ಕಂಡದ್ದಿಲ್ಲ. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ದುಪ್ಪಟಿ ಕಂಡಿತ್ತು. ನಾಲ್ಕೂ ಸಲ ಥರ್ಜಾ ಓಡಿದ್ದಳು.

ಮೂವತ್ತನಾಲ್ಕನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಂಗಡಿಯಲ್ಲಿ ಒಂದು ಜಗಳವಾಯಿತು. ಗುರುವಾರ ದೋಣಿಯಲ್ಲಿ ಬಂದಿದ್ದ ಮಿಸ್ ಲಿಡ್ಗೇಟ್ ಕೌಂಟರಿನ ಮೇಲೆ ಒಂದು ದಿಂಬಿನ ಚೀಲ ಹರಡಿದಳು. ಒಣಕಲು ಮೈ, ಕುತ್ತಿಗೆವರೆಗೂ ಗುಂಡಿ, ಲಂಡನ್ ಕಡೆಯ ಮಾತು. ಬಂದು ಆರು ವರ್ಷವಾಗಿದ್ದರೂ ಊರಿನ ಯಾರ ಮನೆಯಲ್ಲೂ ಕೂತು ಎದ್ದವಳಲ್ಲ.

"ಮಿಸೆಸ್ ಲಸ್ಕಂ, ಇದೇನು ನೋಡಿ. ಇಸ್ತ್ರಿಪೆಟ್ಟಿಗೆ ಮೂಗಿನ ಗುರುತು. ಇದು ಮೂರನೇ ಸಲ."

"ಗಾಳಿ ಜೋರಾದ್ರೆ ಒಲೆ ಉರಿ ಏರ್ಬಿಡತ್ತೆ ಮಿಸ್. ಒಂದೊಂದು ಸಲ ಹಾಗಾಗತ್ತೆ."

"ಉರಿ ನಿಮ್ಮನೇದು, ದಿಂಬು ನಮ್ಮನೇದು. ಮುಂದಿನ ವಾರದಿಂದ ನಮ್ಮ ಬಟ್ಟೆ ನಾವೇ ಒಗ್ಕೋತೀವಿ. ತೊಂದ್ರೆ ತಗೋಬೇಡಿ."

ಅಂಗಡಿಯಲ್ಲಿ ಐದಾರು ಹೆಂಗಸರಿದ್ದರು.  ಥರ್ಜಾಳ ಮುಖ ಕಾದ ಹಂಡೆಯಾಯಿತು. ಮನೆಗೆ ಹೋಗುವ ದಾರಿಯಲ್ಲಿ ಕಾನ್‌ಸ್ಟೇಬಲ್ ಟ್ಯಾಪರ್‌ನ ಹೆಂಡತಿ ಆನಿ ಅವಳ ತೋಳು ಹಿಡಿದುಕೊಂಡು ಸಮಾಧಾನ ಮಾಡಿದಳು.

"ಬಿಡೇ ಥರ್ಜಾ. ಆ ಕಡ್ಡಿ ಮೈಗೆ ದುಪ್ಪಟಿ ಹಿಂಡೋ ತ್ರಾಣ ಎಲ್ಲಿದೆ? ಎರಡು ವಾರ ತಾಳು, ಮೂಟೆ ಕಟ್ಕೊಂಡು ನಿನ್ನ ಬಾಗಿಲಿಗೇ ಬರ್ತಾಳೆ."

"ಬರ್ಲಿ. ತೆಗೀತೀನಾ ನೋಡು ಬಾಗಿಲು."

ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು: ದ್ವೀಪದವರು ಇನ್ನು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರಂತೆ.

ಅದಾದ ನಾಲ್ಕನೆಯ ದಿನ ಸೋಮವಾರ. ಮೋಡವಿಲ್ಲದ ಆಕಾಶ, ಮೂಡಣ ಗಾಳಿ, ಬಟ್ಟೆ ಒಣಗಿಸಲು ಹೇಳಿ ಮಾಡಿಸಿದ ದಿನ. ಒಂಬತ್ತೂವರೆಗೆ ಥರ್ಜಾ ಹಂಡೆಯ ಮುಚ್ಚಳ ತೆಗೆದು, ಹಬೆ ಹೋಗಲೆಂದು ಕಿಟಕಿ ತೆರೆದಳು. ದ್ವೀಪದ ಇಳಿಜಾರಿನಲ್ಲಿ ಬಿಳಿ ದುಪ್ಪಟಿ ಹಾರುತ್ತಿತ್ತು.

ಅವಳು ನೋಡಿದಳು. ಇದರಲ್ಲಿ ಸಂಶಯ ಬೇಡ. ಹಬೆ ಅಡ್ಡ ಬರಲಿಲ್ಲ, ಬಿಸಿಲು ಕಣ್ಣು ಕುಕ್ಕಲಿಲ್ಲ. ನೋಡಿ, "ಓಹೋ, ಶುರು ಮಾಡಿದಳು ಮಹಾರಾಣಿ!" ಅಂದುಕೊಂಡಳು. ದುಪ್ಪಟಿಯನ್ನು ಒಂದು ಮೂಲೆಯಿಂದ ಮಾತ್ರ ಕಟ್ಟಿತ್ತು. ಹಾಗೆ ಕಟ್ಟಿದರೆ ಬಟ್ಟೆ ಎಳೆದುಕೊಂಡು ಸೊಟ್ಟಗಾಗುತ್ತದೆ ಎಂಬುದು ಹತ್ತು ವರ್ಷದ ಹುಡುಗಿಗೂ ಗೊತ್ತು. ಥರ್ಜಾಗೆ ನಗು ಬಂತು. ಒಂದು ಮೂಟೆ ಬಟ್ಟೆ ಕಳೆದುಕೊಂಡ ಹೊಟ್ಟೆಯುರಿ ಆ ನಗೆಯಿಂದ ಎಷ್ಟೋ ತಣ್ಣಗಾಯಿತು. ಕಿಟಕಿಗೆ ಬೆನ್ನು ಹಾಕಿ ಹೋಟೆಲಿನ ಮೇಜುಬಟ್ಟೆಗಳನ್ನು ಹಂಡೆಗೆ ತುಂಬಿದಳು.

ಮಧ್ಯಾಹ್ನವೂ ದುಪ್ಪಟಿ ಹಗ್ಗದ ಮೇಲಿತ್ತು. ಮೂರಕ್ಕೆ ಈಲೈ ಬಂದಾಗಲೂ ಇತ್ತು. "ದ್ವೀಪದ ಕಡೆ ಏನಾದ್ರೂ?" ಎಂದು ಅವನು ಎಂದಿನಂತೆ ಕೇಳಿದ, ತಣ್ಣಗಿನ ಮಾಂಸದ ತಟ್ಟೆಯ ಮೇಲೆ ಅವನ ಗಮನ. "ಏನಿಲ್ಲ" ಅಂದಳು. ಐದೂವರೆಗೆ ತನ್ನ ಬಟ್ಟೆಯನ್ನೆಲ್ಲ ಒಳಗೆ ತಂದು ಮಡಚುತ್ತ ಮತ್ತೊಮ್ಮೆ ಕಿಟಕಿಯಾಚೆ ನೋಡಿದಳು. ಊರಿನ ಹಗ್ಗಗಳೆಲ್ಲ ಬರಿದಾಗಿದ್ದವು. ಇಬ್ಬನಿ ಬೀಳುವ ಹೊತ್ತಿನಲ್ಲಿ ಬಟ್ಟೆ ಹೊರಗೆ ಬಿಡುವವರು ಯಾರು? ಆ ದುಪ್ಪಟಿ ಮಾತ್ರ ಇನ್ನೂ ಅಲ್ಲೇ ಹೊಡೆದುಕೊಳ್ಳುತ್ತಿತ್ತು.

ಆಗ ಅವಳ ಎದೆಯಲ್ಲಿ ಏನೋ ಚುಳಕ್ಕೆಂದಿತು. ಒಂದು ಗಳಿಗೆ, ಅಷ್ಟೆ. ಮುಂದಿನ ಹದಿನೇಳು ವರ್ಷ ಅವಳು ಮರಳಿ ಮರಳಿ ಬಂದು ನಿಂತದ್ದು ಬೆಳಗಿನ ಒಂಬತ್ತೂವರೆಯ ಹತ್ತಿರ ಅಲ್ಲ, ಈ ಗಳಿಗೆಯ ಹತ್ತಿರ. ಬೆಳಗಿನದು ತಪ್ಪು ತಿಳಿವಳಿಕೆ. ಸಂಜೆಯದು ಏನು? ಅವಳಿಗೆ ಆಗ ಗೊತ್ತಾಯಿತೇ? ಗೊತ್ತಾಗಿಯೂ, "ಈಗ ಹೇಳಿದರೆ ಬೆಳಿಗ್ಗೆಯಿಂದ ಏನು ಮಾಡ್ತಿದ್ದೆ ಅಂತಾರೆ" ಎಂದು ಸುಮ್ಮನಾದಳೇ? "ಬಟ್ಟೆ ಒಳಗೆ ತರೋದೂ ಗೊತ್ತಿಲ್ಲ ಇವಳಿಗೆ" ಎಂದು ಬಾಯಲ್ಲಿ ಗೊಣಗಿ ಪರದೆ ಎಳೆದದ್ದಂತೂ ನಿಜ.

ಮಂಗಳವಾರ ಬೆಳಗಾಗುವಷ್ಟರಲ್ಲಿ ಸಮುದ್ರ ಎದ್ದಿತ್ತು. ಎರಡು ದಿನ ಬಂದರಿನಿಂದ ಒಂದು ದೋಣಿಯೂ ಹೊರಬೀಳಲಿಲ್ಲ. ಗಾಳಿ ದುಪ್ಪಟಿಯನ್ನು ಕಿತ್ತುಕೊಂಡು ಹೋಯಿತು. ಗುರುವಾರ ಈಲೈ ದಿನಸಿ ತುಂಬಿಕೊಂಡು ಹೋದಾಗ ಮಿಸ್ ಲಿಡ್ಗೇಟ್ ದಡದ ಬಂಡೆಯ ಮೇಲೆ ಕೂತಿದ್ದಳು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

"ಯಾಕೆ ಬರ್ಲಿಲ್ಲ?" ಎಂದಳು. 

ಮಿಸೆಸ್ ಕೆಂಡ್ರಿಕ್ ಸತ್ತು ಎರಡು ದಿನವಾಗಿತ್ತು. ಅವಳಿಗೆ ನಿದ್ದೆಯ ಔಷಧಿಯ ರೂಢಿ ಇತ್ತು, ಮರೆವೂ ಇತ್ತು. ಭಾನುವಾರ ರಾತ್ರಿ ಒಮ್ಮೆ ಕುಡಿದದ್ದು ಮರೆತು ಮತ್ತೆ ಮತ್ತೆ ಕುಡಿದಿರಬೇಕು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ, ಉಸಿರು ಮಾತ್ರ ಎಳೆಯುತ್ತಿತ್ತು. ಕೂಡಲೇ ದುಪ್ಪಟಿ ಕಟ್ಟಿದೆ ಎಂದು ಮಿಸ್ ಲಿಡ್ಗೇಟ್ ಹೇಳಿಕೆ ಕೊಟ್ಟಳು. ಸೋಮವಾರವೇ ಕರೆದಿದ್ದರೆ ಬದುಕಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ ಉಯಿಲು ತೆಗೆದು ನೋಡಿದರೆ ಮಿಸ್ ಲಿಡ್ಗೇಟ್‌ಗೆ ಒಂದಷ್ಟು ಹಣ ಬರೆದಿತ್ತು.

ಕಾನ್‌ಸ್ಟೇಬಲ್ ಟ್ಯಾಪರ್ ಆ ಗುರುವಾರ ಸಂಜೆಯೇ ಟೋಪಿ ಕೈಯಲ್ಲಿ ಹಿಡಿದು ಥರ್ಜಾಳ ಅಡುಗೆಮನೆಗೆ ಬಂದ. ಈಲೈ ಒಲೆಯ ಪಕ್ಕ ಕೂತಿದ್ದ.  ಹೆಣವನ್ನು ದೋಣಿಗೆ ಎತ್ತಿದವನು ಅವನೇ.

"ಸೋಮವಾರ ದುಪ್ಪಟಿ ಕಟ್ಟಿದ್ದೆ ಅಂತಾಳೆ ಆಯಮ್ಮ. ನೀನು ನೋಡಿದ್ಯಾ ಥರ್ಜಾ?"

ಉತ್ತರ ಹೇಳಲು ಅವಳಿಗೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುವುದಿಲ್ಲವೇ, ಹಾಗೆ ಬಂತು ಮಾತು.

"ಎಲ್ಲಿ ಕಟ್ಟಿದ್ಲು? ಏನೂ ಇರ್ಲಿಲ್ಲ."

"ಖಂಡಿತ?"

"ದಿನವಿಡೀ ಇದೇ ಕಿಟಕಿ ಮುಂದೆ ನಿಂತಿದ್ದೀನಲ್ಲ ಟ್ಯಾಪರ್. ನನಗೆ ಕಾಣದೇ ಇರತ್ತಾ?"

ಟ್ಯಾಪರ್ ಪೆನ್ಸಿಲು ನಾಲಿಗೆಗೆ ಒತ್ತಿ ಬರೆದುಕೊಂಡ. ಊರಿನಲ್ಲಿ ಇನ್ನೂ ಹತ್ತಾರು ಮನೆ ಕೇಳಿದ. ಯಾರೂ ಗಮನಿಸಿರಲಿಲ್ಲವಂತೆ. ಸೋಮವಾರವಲ್ಲವೇ, ಎಲ್ಲರ ಕಣ್ಣೂ ತಮ್ಮ ತಮ್ಮ ಹಂಡೆಯ ಮೇಲೆ.

ಹೋಟೆಲಿನ ಮಹಡಿಯ ಕೋಣೆಯಲ್ಲಿ ಸಾವಿನ ವಿಚಾರಣೆ ನಡೆಯಿತು. ಥರ್ಜಾ ಬೈಬಲ್ ಹಿಡಿದು ಪ್ರಮಾಣ ಮಾಡಿದಳು. ಹೇಳಿದ್ದನ್ನೇ ಹೇಳಿದಳು. ಮಿಸ್ ಲಿಡ್ಗೇಟ್ ಕೂತಲ್ಲಿಂದ ಎದ್ದಳು.

"ಮಿಸೆಸ್ ಲಸ್ಕಂ, ನಿಮಗೆ ಕಂಡಿರ್ಲೇಬೇಕು. ನಿಮ್ಮ ಕಿಟಕಿ ತೆರೆದಾಗ ಗಾಜು ಮಿಂಚಿದ್ದು ನನಗೆ ಕಾಣ್ತು. ನಾನು ಕೈ ಬೀಸಿದೆ."

"ದುಪ್ಪಟಿ ಅಂದ್ರೆ ಏನು ಅಂತ ನನಗೆ ಹೇಳ್ಕೊಡ್ತೀರಾ ಮಿಸ್?" ಎಂದಳು ಥರ್ಜಾ. "ಮೂವತ್ತು ವರ್ಷದಿಂದ ಅದನ್ನೇ ಒಗೀತಿದ್ದೀನಿ."

ಜನ ನಕ್ಕರು. ಆ ನಗು ಒಳಗೆಲ್ಲೋ ಥರ್ಜಾಗೆ ಹಿತವಾಯಿತು. ಅಂಗಡಿಯಲ್ಲಿ ಆದ ಅವಮಾನದ ಮೇಲೆ ಮುಲಾಮು ಹಚ್ಚಿದಂತಾಯಿತು. ಮಿಸ್ ಲಿಡ್ಗೇಟ್ ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿ ಕೂತುಬಿಟ್ಟಳು. ಆರು ವರ್ಷ ಇದ್ದ ಊರಿನಲ್ಲಿ ಅವಳ ಪಕ್ಕದ ಎರಡು ಕುರ್ಚಿಗಳೂ ಖಾಲಿ ಇದ್ದವು. ವಿಚಾರಣೆಗೆ ಕೂತಿದ್ದ ಎಂಟು ಜನ ಪಂಚರು ಅರ್ಧ ಗಂಟೆ ಒಳಗೆ ಹೋಗಿ ಬಂದು, ಇದು ಕೊಲೆ, ಮಾಡಿದವಳು ಹೆಸ್ಟರ್ ಲಿಡ್ಗೇಟ್ ಎಂದರು. ದುಪ್ಪಟಿಯ ಮಾತು ಸುಳ್ಳಾದರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತಿತ್ತು: ಔಷಧಿ ಕುಡಿಸಿದಳು, ಪಕ್ಕದಲ್ಲಿ ಕೂತು ಪ್ರಾಣ ಹೋಗುವುದನ್ನು ಕಾದಳು, ಆಮೇಲೆ ಕರೆದೆ ಅಂದಳು.

ಇದು ಇಲ್ಲಿಗೆ ಬಂದು ನಿಲ್ಲುತ್ತದೆ ಎಂದು ಥರ್ಜಾ ಎಣಿಸಿರಲಿಲ್ಲ. ಅವಳು ಹೇಳಿದ್ದು ತನ್ನ ಮಾನ ಉಳಿಸಿಕೊಳ್ಳುವ ಒಂದು ಸಣ್ಣ ಸುಳ್ಳು. ಅದನ್ನು ಹಿಡಿದುಕೊಂಡು ಈ ದೊಡ್ಡವರು ಒಬ್ಬಳ ಕೊರಳಿಗೆ ಹಗ್ಗ ಹೊಸೆಯುತ್ತಾರೆಂದು ಯಾರಿಗೆ ಗೊತ್ತಿತ್ತು? ಹೀಗೆ ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಆ ದಿನದಿಂದ ಅವಳಿಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಜೂನಿನಲ್ಲಿ ಎಕ್ಸೆಟರಿನ ಕೋರ್ಟಿನಲ್ಲಿ ಅವಳಿಗೆ ಒಂದು ಬಾಗಿಲು ತೆರೆಯಿತು. ತೆರೆದವನು ಮಿಸ್ ಲಿಡ್ಗೇಟ್‌ಳ ವಕೀಲ. ಒಳ್ಳೆಯ ಮನುಷ್ಯ, ದನಿ ಎತ್ತಲಿಲ್ಲ.

"ಮಿಸೆಸ್ ಲಸ್ಕಂ, ಅವತ್ತು ಸೋಮವಾರ. ದ್ವೀಪದವರು ಇನ್ಮೇಲೆ ತಾವೇ ಬಟ್ಟೆ ಒಗ್ಕೋತಾರೆ ಅಂತ ನಿಮಗೆ ಗೊತ್ತಿತ್ತು. ದುಪ್ಪಟಿ ಕಂಡಿದ್ರೂ, ಒಗೆದು ಹಾಕಿದಾರೆ ಅಂದ್ಕೊಂಡಿರಬಹುದಲ್ವಾ? ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಯಾರಾದ್ರೂ ಹಾಗೇ ಅಂದ್ಕೋತಾರೆ."

ನಡೆದದ್ದನ್ನು ನಡೆದ ಹಾಗೆ ಅವನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದ. ಹೌದು ಅನ್ನುವುದೊಂದೇ ಬಾಕಿ. ಥರ್ಜಾ ಸಾಕ್ಷಿಯ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೌದು ಅಂದರೆ ಹೋಟೆಲಿನ ಮಹಡಿಯಲ್ಲಿ ಬೈಬಲ್ ಹಿಡಿದು ಹೇಳಿದ್ದು ಏನಾಯಿತು? ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಈಲೈ, ಟ್ಯಾಪರ್, ಆನಿ, ಊರಿನ ಇನ್ನೂ ಎಷ್ಟೋ ಜನ. ಎದುರಿಗೆ ಆರೋಪಿಯ ಕಟಕಟೆಯಲ್ಲಿ ನಿಂತ ಮಿಸ್ ಲಿಡ್ಗೇಟ್ ಮುಂದಕ್ಕೆ ಬಾಗಿದ್ದಳು. ಅವಳ ತುಟಿ ಅಲುಗುತ್ತಿತ್ತು.

"ಇಲ್ಲ ಸಾರ್," ಎಂದಳು ಥರ್ಜಾ. "ಹಗ್ಗ ಬರಿದಾಗಿತ್ತು."

ಗಲ್ಲು ಎಂದು ತೀರ್ಪಾಯಿತು. ತೀರ್ಪಿಗೂ ಗಲ್ಲಿಗೂ ನಡುವೆ ಮೂರು ಭಾನುವಾರ ಬಿಡುವುದು ಪದ್ಧತಿ. ಮೂರು ಭಾನುವಾರಗಳಲ್ಲಿ ಒಬ್ಬ ಹೆಂಗಸು ಒಂದು ವಾಕ್ಯ ಹೇಳಲಾರಳೇ?

ಮೊದಲನೆಯ ಭಾನುವಾರ ಆನಿ ಟ್ಯಾಪರ್ ಚರ್ಚಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಳು. ಹೆಂಗಸಿನ ಪ್ರಾಣ ಉಳಿಸಿ ಎಂದು ಸರ್ಕಾರಕ್ಕೆ ಅರ್ಜಿ. ಅದಕ್ಕೆ ಸಹಿ ಬೀಳಬೇಕು. ಮೊದಲ ಹೆಸರು ಆನಿಯದೇ. ಎರಡನೆಯದು ಥರ್ಜಾ ಬರೆದಳು, ಎಂದೂ ಬರೆಯದಷ್ಟು ದುಂಡಗೆ. ಊರಿಗೆ ಊರೇ ಸರತಿಯಲ್ಲಿ ನಿಂತು ಸಹಿ ಹಾಕಿತು. ಕಾನ್‌ಸ್ಟೇಬಲನ ಹೆಂಡತಿಯಾಗಿದ್ದರೂ ಆನಿ ಅಕ್ಕಪಕ್ಕದ ಊರುಗಳಿಗೂ ನಡೆದುಹೋಗಿ ಕಾಲು ಬೊಬ್ಬೆ ಬರಿಸಿಕೊಂಡಳು. "ಎಷ್ಟು ಒಳ್ಳೆ ಜನ" ಎಂದು ಪಾದ್ರಿಗಳಿಗೆ ಕಣ್ಣಲ್ಲಿ ನೀರು ಬಂತು. ಸಹಿ ಹಾಕಿದ ರಾತ್ರಿ ಥರ್ಜಾ ಬಹಳ ದಿನಗಳ ಮೇಲೆ ಚೆನ್ನಾಗಿ ಮಲಗಿದಳು. ಬೆಳಿಗ್ಗೆ ಎದ್ದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಎರಡನೆಯ ಭಾನುವಾರ ಈಲೈಗೆ ಹೇಳಿದಳು. ಅವನು ಹಿತ್ತಿಲಲ್ಲಿ ಏಡಿಯ ಬುಟ್ಟಿ ಹೆಣೆಯುತ್ತಿದ್ದ.

"ಆ ದುಪ್ಪಟಿ ಇತ್ತು, ಈಲೈ."

ಅವನ ಕೈ ನಿಂತಿತು. "ಯಾವುದು?" ಎಂದ, ಯಾವುದೆಂದು ತಿಳಿದಿದ್ದರೂ.

"ಬೆಳಿಗ್ಗೆಯಿಂದ ಸಂಜೆವರೆಗೂ ಇತ್ತು. ನಾನು ನೋಡಿದೆ. ಒಗೆದು ಹಾಕಿದಾಳೆ ಅಂದ್ಕೊಂಡೆ."

ಅವನು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟ. "ನನಗ್ಯಾಕೆ ಹೇಳ್ದೆ?"

"ಇನ್ಯಾರಿಗೆ ಹೇಳ್ಲಿ?"

"ಬಂಡೆ ಮೇಲೆ ಕೂತಿದ್ದು ನಾನು ನೋಡಿದೀನಿ ಕಣೇ ಅವಳನ್ನ. ಆ ಮುಖ ನೋಡಿದೀನಿ." ಅವನ ದನಿ ಒಡೆಯಿತು. ಆಮೇಲೆ ಸಾವರಿಸಿಕೊಂಡು, "ಹೆಂಗಸ್ರನ್ನ ಗಲ್ಲಿಗೆ ಹಾಕಲ್ಲ. ಕೊನೇ ಗಳಿಗೇಲಿ ಕಾಗದ ಬರತ್ತೆ. ಯಾವಾಗ್ಲೂ ಬರತ್ತೆ" ಎಂದ.

"ಬರದೇ ಹೋದ್ರೆ?"

"ಬರತ್ತೆ ಅಂದ್ನಲ್ಲ! ಜೀವ ಉಳಿಯತ್ತೆ ಅವಳಿಗೆ, ಸಾಕು. ನೀನು ಹೋಗಿ ಬಾಯಿ ಬಿಟ್ರೆ ನಿನ್ನನ್ನ ಒಳಗೆ ಹಾಕ್ತಾರೆ. ಬೈಬಲ್ ಹಿಡಿದು ಎರಡು ಸಲ ಸುಳ್ಳು ಹೇಳಿದೀಯ, ಗೊತ್ತಾ? ಎರಡು ಸಲ!"

ಅವಳು ಬಯಸಿದ್ದು, ಗಂಡ ಕೈ ಹಿಡಿದು ಎಬ್ಬಿಸಿ "ನಡಿ, ಹೋಗೋಣ" ಎನ್ನಲಿ ಎಂದು. ಅವನು ಅನ್ನಲಿಲ್ಲ. ಕೆಟ್ಟವನಲ್ಲ ಈಲೈ, ಹೆದರಿದ ಮನುಷ್ಯ. ಆ ರಾತ್ರಿಯಿಂದ ಅವನು ಮಹಡಿಯ ಸಣ್ಣ ಕೋಣೆಯಲ್ಲಿ, ಬಲೆಗಳ ನಡುವೆ ಮಲಗತೊಡಗಿದ. 

ಮೂರನೆಯ ಭಾನುವಾರ ಪಾದ್ರಿಗಳು ಹೆಸ್ಟರ್ ಲಿಡ್ಗೇಟ್‌ಳ ಹೆಸರೆತ್ತಿ ಪ್ರಾರ್ಥನೆ ಮಾಡಿದರು. ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಎಲ್ಲರೂ ಮಂಡಿಯೂರಿದ್ದಾಗ ಥರ್ಜಾ ಎದ್ದು ನಿಂತಳು. ಬಾಯಿ ತೆರೆದಳು. ಮುಂದೆ ಅಷ್ಟು ಜನರ ಬೆನ್ನುಗಳು. "ಇತ್ತು" ಎಂಬ ಮಾತು ನಾಲಿಗೆಯ ತುದಿಗೆ ಬಂದಿರುವಾಗ ಪಕ್ಕದಿಂದ ಆನಿ ಅವಳ ಮೊಣಕೈ ಹಿಡಿದು ಕೆಳಗೆಳೆದಳು. "ತಲೆ ಸುತ್ತು ಬಂತಾ? ಕೂತ್ಕೋ, ಕೂತ್ಕೋ" ಎಂದು ಪಿಸುಗುಟ್ಟಿ, ಪ್ರಾರ್ಥನೆ ಮುಗಿಯುವವರೆಗೂ ಆ ಹಿಡಿತ ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ತೋಳಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು.

ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ಸರ್ಕಾರ ಅರ್ಜಿಯನ್ನು ತಳ್ಳಿಹಾಕಿತ್ತು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಗಲ್ಲು. ಥರ್ಜಾ ಬಟ್ಟೆ ಒಗೆದಳು. ಊರಿನ ಹೆಂಗಸರೆಲ್ಲ ಒಗೆದರು. ಆ ದಿನ ಗೋಡೆಯ ಮೇಲಿಂದ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಮಧ್ಯಾಹ್ನ ಅವಳು ಮೇಜಿನ ಮುಂದೆ ಕೂತು ಒಂದು ಕಾಗದದ ಮೇಲೆ "ದುಪ್ಪಟಿ ಇತ್ತು. ನಾನು ನೋಡಿದೆ" ಎಂದು ಬರೆದು, ಕವರಿನ ಮೇಲೆ ಜೈಲಿನ ವಿಳಾಸ ಹಾಕಿದಳು. ಒಳಗೆ ಹೆಸರು ಬರೆಯಲಿಲ್ಲ. ದಿನದ ಕೊನೆಯ ಟಪಾಲಿನ ಗಾಡಿ ನಾಲ್ಕೂವರೆಗೆ ಹೊರಡುತ್ತದೆಂದು ಊರಿನ ಬೆಕ್ಕುಗಳಿಗೂ ಗೊತ್ತು. ಅವಳು ಬಟ್ಟೆಯನ್ನೆಲ್ಲ ಒಳಗೆ ತಂದು, ಮಡಚಿ, ಒಲೆ ಒರೆಸಿ, ಆರು ಗಂಟೆಗೆ ಹೋಗಿ ಪತ್ರವನ್ನು ಕೆಂಪು ಡಬ್ಬಿಗೆ ಹಾಕಿದಳು. ಅವಳ ಉಳಿದ ತಪ್ಪುಗಳಿಗೆಲ್ಲ ನಾನು ಏನಾದರೊಂದು ಸಮಾಧಾನ ಹುಡುಕಬಲ್ಲೆ. ಹೆದರಿದಳು, ನಾಚಿದಳು, ಯಾರೂ ಜೊತೆಗೆ ನಿಲ್ಲಲಿಲ್ಲ. ಆದರೆ ಆ ಒಂದೂವರೆ ಗಂಟೆಗೆ ಸಮಾಧಾನ ಎಲ್ಲಿಂದ ತರಲಿ? ಟ್ಯಾಪರ್‌ನ ಮನೆಯಲ್ಲಿ ಟೆಲಿಫೋನಿತ್ತು. ಡಬ್ಬಿಯಿಂದ ಆ ಮನೆಗೆ ನಲವತ್ತು ಹೆಜ್ಜೆ.

ಮಂಗಳವಾರ ಚರ್ಚಿನ ಗಡಿಯಾರ ಎಂಟು ಹೊಡೆಯಿತು. ಥರ್ಜಾ ಅಡುಗೆಮನೆಯ ನೆಲದ ಮೇಲೆ ಕೂತು ಎಂಟನ್ನೂ ಎಣಿಸಿದಳು. ಈಲೈ ಬೆಳಕು ಹರಿಯುವ ಮುಂಚೆಯೇ ಸಮುದ್ರಕ್ಕೆ ಹೋಗಿದ್ದ. ಅವಳು ಎದ್ದು, ಏಪ್ರನ್ ಬಿಚ್ಚಿ, ಭಾನುವಾರದ ಟೋಪಿ ಹಾಕಿಕೊಂಡು ನೇರ ಟ್ಯಾಪರ್‌ನ ಮನೆಗೆ ನಡೆದಳು. ಆನಿ ಬಾಗಿಲು ತೆಗೆದಳು. ಅವಳ ಕಣ್ಣು ಊದಿತ್ತು.

"ಟ್ಯಾಪರ್ ಇದಾರಾ?"

"ಹೊರಗೆ ಹೋದ್ರು. ಯಾಕೆ?"

"ನನ್ನನ್ನ ಹಿಡ್ಕೊಂಡು ಹೋಗ್ಲಿ ಅಂತ ಬಂದೆ. ಆ ಸೋಮವಾರ ದುಪ್ಪಟಿ ಇತ್ತು, ಆನಿ. ನಾನು ನೋಡಿದೆ."

ಆನಿಯ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಇತ್ತು ಅಂತ. ನಮ್ಮ ಹಿತ್ತಿಲಿಂದ ಚೆನ್ನಾಗಿ ಕಾಣತ್ತಲ್ಲ. ಕಡ್ಡಿ ಮೈಯೋಳು ಬಟ್ಟೆ ಒಗೆದ್ಲು ನೋಡು, ಕಟ್ಟೋಕೂ ಬರಲ್ಲ ಅಂತ ಪಕ್ಕದ ಮನೆಯವಳ ಹತ್ರ ಹೇಳ್ಕೊಂಡು ನಕ್ಕೆ. ಅವಳೂ ನಕ್ಕಳು. ಮೇಲ್ಬೀದಿಯವರೆಲ್ಲ ನೋಡಿದಾರೆ ಥರ್ಜಾ. ಯಾರು ನೋಡಿಲ್ಲ ಅಂತ ಕೇಳು."

 ಥರ್ಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಟ್ಯಾಪರ್‌ಗೆ?"

"ಗುರುವಾರ ರಾತ್ರಿನೇ ಹೇಳ್ದೆ. 'ಥರ್ಜಾ ಇಲ್ಲ ಅಂದಾಯ್ತು, ಬರ್ಕೊಂಡಾಯ್ತು. ಕಣ್ಣಿಡೋದು ಅವಳ ಕೆಲಸ, ಅವಳಿಗಿಂತ ನಿನಗೆ ಹೆಚ್ಚು ಗೊತ್ತಾ?' ಅಂದ್ರು. ನೀನೇ ಇಲ್ಲ ಅಂದ್ಮೇಲೆ ನಾವು ಇತ್ತು ಅನ್ನೋದು ಹೇಗೆ? ನಿನ್ನನ್ನ ಸುಳ್ಳಿ ಮಾಡಿದ ಹಾಗಾಗಲ್ವಾ? ನೀನು ನಮ್ಮವಳು. ಅವಳು ಎಲ್ಲಿಂದಲೋ ಬಂದೋಳು."

"ನಿಮ್ಮಲ್ಲಿ ಒಬ್ರು ಬಾಯಿ ಬಿಟ್ಟಿದ್ರೆ ಆನಿ... ಒಬ್ಬೇ ಒಬ್ರು..."

"ನೀನು ಬಿಟ್ಟಿದ್ರೆ," ಎಂದಳು ಆನಿ. ದನಿಯಲ್ಲಿ ಸಿಟ್ಟಿರಲಿಲ್ಲ.

 ಬೀದಿಯಲ್ಲಿ ಹಾಲಿನ ಗಾಡಿ ಹೋಯಿತು.

"ಬೈಯೇ ನನ್ನ," ಎಂದಳು ಥರ್ಜಾ. "ಕೊಲೆಗಾತಿ ಅನ್ನು. ಬೀದಿಗೆ ಕೇಳೋ ಹಾಗೆ ಅನ್ನು. ನಿನಗೆ ಕೈ ಮುಗೀತೀನಿ, ಅನ್ನು ಆನಿ."

ಆನಿ ಬೀದಿಯ ಆ ತುದಿ ಈ ತುದಿ ನೋಡಿದಳು. "ಮೆಲ್ಲಗೆ ಮಾತಾಡು," ಎಂದಳು. "ಯಾರೂ ನಿನ್ನ ಏನೂ ಅನ್ನಲ್ಲ ಕಣೇ. ಯಾವತ್ತೂ ಅನ್ನಲ್ಲ. ಅನ್ನೋಕೆ ಯಾರಿಗೆ ಬಾಯಿದೆ? ಒಳಗೆ ಬಾ. ಟೀ ಆಗಿದೆ."

ಆ ಮಾತು ಸುಳ್ಳಾಗಲಿಲ್ಲ. ಮುಂದೆ ಹದಿನೇಳು ವರ್ಷ ಥರ್ಜಾ ಲಸ್ಕಂ ಆ ಊರಿನಲ್ಲೇ ಬದುಕಿದಳು, ಆ ಊರಿನ ಬಟ್ಟೆಯನ್ನೇ ಒಗೆದಳು. ಈಲೈ ಸತ್ತಾಗ ಎಲ್ಲರೂ ಅಡುಗೆ ಮಾಡಿ ತಂದುಕೊಟ್ಟರು, ಅವಳು ಹಾಸಿಗೆ ಹಿಡಿದಾಗ ಸರದಿಯಲ್ಲಿ ಬಂದು ಪಕ್ಕದಲ್ಲಿ ಕೂತರು. ಕೆಟ್ಟ ಮಾತು ಒಂದನ್ನೂ ಯಾರೂ ಅವಳಿಗೆ ಆಡಲಿಲ್ಲ. ಆದರೆ ಅದೆಲ್ಲ ಆಮೇಲಿನದು. ಆ ಮಂಗಳವಾರ ಅವಳು ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ನಿಂತಿದ್ದಳು. ಬಯ್ಯುವವರು ಯಾರಾದರೂ ಬರಬಹುದೇ ಎಂದು ಬೀದಿಯತ್ತ ನೋಡಿದಳು. ಆಮೇಲೆ ಚಾಪೆಯ ಮೇಲೆ ಬೂಟು ಒರೆಸಿಕೊಂಡು ಒಳಗೆ ಹೋಗಿ, ಕೊಟ್ಟ ಟೀ ಕುಡಿದಳು.